ಮಗುವಿನ ಜ್ವರದ ಮುಂದೆ ಫಂಗಸ್‌ನ ಪ್ರಶ್ನೆ ಯಾಕೆ ಯಾವಾಗಲೂ ಕೊನೆಗೆ?

ಇವತ್ತು ಮಧ್ಯಾಹ್ನ ಒಂದು ಸಭೆಯಿಂದ ಎದ್ದು ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗುವಿನ ವಿವರ ಬರೆಯುವುದಿಲ್ಲ, ಬರೆಯಲೂಬಾರದು. ಇಷ್ಟು ಸಾಕು: ಐಸಿಯುನಲ್ಲಿ ಬಹಳ ದಿನಗಳಿಂದ ಇರುವ ಮಗು, ಕುತ್ತಿಗೆಯ ರಕ್ತನಾಳದಲ್ಲಿ ಸೆಂಟ್ರಲ್ ಲೈನ್ (ಔಷಧ ಕೊಡಲು ದೊಡ್ಡ ರಕ್ತನಾಳಕ್ಕೆ ಇಳಿಸುವ ಕೊಳವೆ), ಮೂರನೆಯ ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೂ ಬಿಡದ ಜ್ವರ, ದಿನದಿಂದ ದಿನಕ್ಕೆ ಇಳಿಯುತ್ತಿರುವ ಪ್ಲೇಟ್‌ಲೆಟ್. ಶಿಲೀಂಧ್ರದ (ಫಂಗಸ್) ಸೋಂಕಿರಬಹುದಲ್ಲವೇ ಎಂದು ಕೇಳಿದ್ದಕ್ಕೆ ಬಂದ ಉತ್ತರ, "ಫಂಗಸ್ ವಿಚಾರ ಆಮೇಲೆ ನೋಡೋಣ, ಮೊದಲು ಇನ್ನೊಂದು ಆ್ಯಂಟಿಬಯಾಟಿಕ್ ಬದಲಾಯಿಸಿ ನೋಡೋಣ." ಈ "ಆಮೇಲೆ" ಎಂಬ ಉತ್ತರವನ್ನು ನಾನು ಎಷ್ಟು ಕಡೆ, ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ನಾನು ಸೂಕ್ಷ್ಮಜೀವಿ ಪ್ರಯೋಗಾಲಯದವಳು ಎಂಬುದು ನಿಮಗೆಲ್ಲ ಗೊತ್ತು. ರೋಗಿಯ ಹಾಸಿಗೆಯ ಪಕ್ಕ ನಿಲ್ಲುವ ಕೆಲಸ ನನ್ನದಲ್ಲ. ಆದರೆ ಮಕ್ಕಳ ರಕ್ತದಲ್ಲಿ ಏನು ಬೆಳೆಯುತ್ತಿದೆ ಎಂಬುದನ್ನು ಎಲ್ಲರಿಗಿಂತ ಮೊದಲು ಕಾಣುವವರು ನಾವು. ಬ್ಲಡ್ ಕಲ್ಚರ್ ಬಾಟಲಿಯನ್ನು, ಅಂದರೆ ಸೂಕ್ಷ್ಮಜೀವಿ ಬೆಳೆಯುತ್ತದೆಯೇ ಎಂದು ನೋಡಲು ರೋಗಿಯ ರಕ್ತ ಹಾಕಿದ ಬಾಟಲಿಯನ್ನು, ಯಂತ್ರದಲ್ಲಿ ಇಟ್ಟಿರುತ್ತೇವೆ, ಏನಾದರೂ ಬೆಳೆದರೆ ಅದು ಸೂಚನೆ ಕೊಡುತ್ತದೆ. ಒಂದು ಹನಿ ತೆಗೆದು ಸ್ಲೈಡಿನ ಮೇಲೆ ಹರಡಿ, ಗ್ರಾಂ ಸ್ಟೇನ್ ಎಂಬ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುತ್ತೇವೆ. ಬ್ಯಾಕ್ಟೀರಿಯಾಗಳಿಗಿಂತ ಎಷ್ಟೋ ಪಟ್ಟು ದೊಡ್ಡದಾದ, ಗಾಢ ನೇರಳೆ ಬಣ್ಣದ ಅಂಡಾಕಾರದ ಕೋಶಗಳು, ಕೆಲವುಗಳ ಪಕ್ಕದಲ್ಲಿ ಆಗತಾನೇ ಮೂಡುತ್ತಿರುವ ಪುಟ್ಟ ಮೊಗ್ಗು. ಅದು ಯೀಸ್ಟ್ (ಒಂಟಿ ಕೋಶದ ಶಿಲೀಂಧ್ರ), ಬಹುಪಾಲು ಸಂದರ್ಭಗಳಲ್ಲಿ ಕ್ಯಾಂಡಿಡಾ ಎಂಬ ಜಾತಿ. ತಕ್ಷಣ ಫೋನ್ ಮಾಡುತ್ತೇನೆ. ಆ ಕಡೆಯಿಂದ "ಚರ್ಮದಿಂದ ಸೇರಿಕೊಂಡಿರಬಹುದು, ಇನ್ನೊಂದು ಸ್ಯಾಂಪಲ್ ಕಳಿಸಿ ನೋಡುತ್ತೇವೆ" ಎಂದಾಗ ನನ್ನ ಕೈ ನಡುಗುತ್ತದೆ. ಇನ್ನೊಂದು ಸ್ಯಾಂಪಲ್ ಖಂಡಿತ ಕಳಿಸಿ, ಆದರೆ ಅದರ ಫಲಿತಾಂಶಕ್ಕೆ ಕಾಯುತ್ತಾ ಔಷಧ ತಡೆಹಿಡಿಯಬೇಡಿ. ಕಫದಲ್ಲಿ ಕ್ಯಾಂಡಿಡಾ ಕಂಡರೆ ಹೆಚ್ಚಾಗಿ ಅದಕ್ಕೆ ಅರ್ಥವಿಲ್ಲ, ಮೂತ್ರದಲ್ಲಿ ಕಂಡರೆ ಯೋಚಿಸಿ ನೋಡಬೇಕು, ರಕ್ತದಲ್ಲಿ ಕಂಡರೆ ಅದನ್ನು ಕಲಬೆರಕೆ ಎಂದು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ.

ಈ ಶಿಲೀಂಧ್ರ ಎಲ್ಲಿಂದಲೋ ಹಾರಿಬಂದ ಶತ್ರುವೂ ಅಲ್ಲ. ಕ್ಯಾಂಡಿಡಾ ಆರೋಗ್ಯವಂತರ ಕರುಳಲ್ಲಿ, ಬಾಯಲ್ಲಿ, ಚರ್ಮದ ಮೇಲೆ ಸುಮ್ಮನೆ ಬಾಳಿಕೊಂಡಿರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಟ್ಟಿರುವ ಬ್ಯಾಕ್ಟೀರಿಯಾಗಳನ್ನು ನಾವೇ ಪ್ರಬಲ ಆ್ಯಂಟಿಬಯಾಟಿಕ್‌ಗಳಿಂದ ಅಳಿಸಿಹಾಕುತ್ತೇವೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿದ್ದರೆ ಕರುಳಿನ ಗೋಡೆ ದುರ್ಬಲವಾಗಿರುತ್ತದೆ. ರಕ್ತನಾಳದ ಮೂಲಕ ಪೋಷಕಾಂಶ ಕೊಡುತ್ತೇವೆ, ಸ್ಟೀರಾಯ್ಡ್ ಕೊಡುತ್ತೇವೆ, ಕ್ಯಾನ್ಸರ್ ಇರುವ ಮಕ್ಕಳಲ್ಲಿ ಕೀಮೋಥೆರಪಿ ಬಿಳಿ ರಕ್ತಕಣಗಳನ್ನು ಇಳಿಸಿರುತ್ತದೆ. ಸೆಂಟ್ರಲ್ ಲೈನಿನ ಒಳಮೈಯಲ್ಲಿ ಶಿಲೀಂಧ್ರ ಪದರ ಕಟ್ಟಿಕೊಂಡು ಕೂತರೆ ಔಷಧ ಅದರೊಳಗೆ ಸರಿಯಾಗಿ ಇಳಿಯುವುದೇ ಇಲ್ಲ. ಇವೆಲ್ಲವೂ ಮಗುವಿನ ಜೀವ ಉಳಿಸಲೆಂದೇ ಮಾಡುವ ಕೆಲಸಗಳು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶಿಲೀಂಧ್ರಕ್ಕೆ ಬಾಗಿಲು ತೆರೆದದ್ದು ಚಿಕಿತ್ಸೆಯೇ ಎಂದು ಗೊತ್ತಿರುವಾಗ, ಆ ಬಾಗಿಲಿನಿಂದ ಯಾರು ಒಳಗೆ ಬಂದರು ಎಂದು ನೋಡುವ ಹೊಣೆಯೂ ಚಿಕಿತ್ಸೆ ಕೊಡುವವರದೇ. "ಆಮೇಲೆ" ಎಂದರೆ ಹೇಗೆ?

"ಕಲ್ಚರ್ ನೆಗೆಟಿವ್ ಬಂದಿದೆಯಲ್ಲ" ಎಂಬುದು ಇನ್ನೊಂದು ಸಮಾಧಾನ. ದೇಹದೊಳಗೆ ಹರಡಿದ ಕ್ಯಾಂಡಿಡಾ ಸೋಂಕಿನಲ್ಲಿ ಬ್ಲಡ್ ಕಲ್ಚರ್ ಹಿಡಿಯುವುದು ಸುಮಾರು ಅರ್ಧದಷ್ಟು ಪ್ರಕರಣಗಳನ್ನು ಮಾತ್ರ. ಒಂದು ಕಿಲೋ ತೂಕವೂ ಇಲ್ಲದ ಶಿಶುವಿನಿಂದ ತೆಗೆಯಬಹುದಾದ ರಕ್ತವೇ ಒಂದು ಮಿಲಿಲೀಟರ್ ಆಸುಪಾಸು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ, ಹಾಗಾಗಿ ಅಲ್ಲಿ ಸಿಕ್ಕಿಬೀಳುವ ಸಾಧ್ಯತೆ ಇನ್ನೂ ತಗ್ಗುತ್ತದೆ. ಆಸ್ಪರ್ಜಿಲಸ್‌ನಂಥ ಬೂಷ್ಟು ರಕ್ತದ ಕಲ್ಚರಿನಲ್ಲಿ ಬೆಳೆಯುವುದೇ ಅಪರೂಪ. ದೊಡ್ಡವರಲ್ಲಿ ನೆರವಾಗುವ ಬೀಟಾ ಗ್ಲುಕಾನ್ (ಶಿಲೀಂಧ್ರದ ಕೋಶಗೋಡೆಯ ಅಂಶ) ರಕ್ತಪರೀಕ್ಷೆಯ ಪಾಸಿಟಿವ್ ಮಿತಿಯನ್ನು ಮಕ್ಕಳಿಗೆ ಹಾಗೆಯೇ ಅನ್ವಯಿಸುವಂತಿಲ್ಲ, ಏಕೆಂದರೆ ಆರೋಗ್ಯವಂತ ಮಕ್ಕಳಲ್ಲೇ ಅದರ ಮಟ್ಟ ಹೆಚ್ಚಿರುತ್ತದೆ. ಪ್ರಯೋಗಾಲಯದವಳಾಗಿ ಇದನ್ನು ಹೇಳಲು ನನಗೇನೂ ಸಂತೋಷವಿಲ್ಲ, ಆದರೆ ನಮ್ಮ ವರದಿಯಲ್ಲಿ "ಏನೂ ಬೆಳೆದಿಲ್ಲ" ಎಂದಿದ್ದ ಮಾತ್ರಕ್ಕೆ ಮಗುವಿನ ದೇಹದಲ್ಲಿ ಏನೂ ಇಲ್ಲ ಎಂದಾಗುವುದಿಲ್ಲ.

ಈಗ ವೈದ್ಯ ಮಿತ್ರರು ಹೇಳುವುದನ್ನು ನಾನೇ ಹೇಳಿಬಿಡುತ್ತೇನೆ. ಜ್ವರ ಬಂದ ಪ್ರತಿ ಮಗುವಿಗೂ ಶಿಲೀಂಧ್ರನಾಶಕ ಕೊಡಲಾಗುವುದಿಲ್ಲ, ಆ್ಯಂಫೊಟೆರಿಸಿನ್ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು, ಅಜೋಲ್ ಗುಂಪಿನ ಔಷಧಗಳು ಯಕೃತ್ತಿನ ಮೇಲೆ ಪರಿಣಾಮ ಬೀರುತ್ತವೆ, ವಿವೇಚನೆಯಿಲ್ಲದೆ ಬಳಸಿದರೆ ಔಷಧಕ್ಕೆ ಬಗ್ಗದ ನಿರೋಧಕತೆ ಬೆಳೆಯುತ್ತದೆ. ಎಲ್ಲವೂ ನಿಜ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ಮೊದಲು ವರ್ಣಿಸಲ್ಪಟ್ಟ ಕ್ಯಾಂಡಿಡಾ ಆರಿಸ್ ಇವತ್ತು ಅಜೋಲ್ ಗುಂಪಿನ ಫ್ಲುಕೊನಜೋಲ್‌ಗೆ ಹೆಚ್ಚಾಗಿ ಬಗ್ಗುವುದೇ ಇಲ್ಲ, ಆಸ್ಪತ್ರೆಯ ಮಂಚ, ಉಪಕರಣಗಳ ಮೇಲೆ ವಾರಗಟ್ಟಲೆ ಉಳಿಯುತ್ತದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ 19 ಶಿಲೀಂಧ್ರಗಳ ಪಟ್ಟಿಯಲ್ಲಿ ಅದು ಅತ್ಯಂತ ಗಂಭೀರ ವರ್ಗದಲ್ಲಿದೆ. ಆದರೆ ಎಲ್ಲರಿಗೂ ಔಷಧ ಕೊಡಿ ಎಂದು ನಾನು ಕೇಳಿದ್ದೆನೇ? ನಾನು ಕೇಳಿದ್ದು ಎಲ್ಲರ ವಿಷಯದಲ್ಲೂ ಆ ಪ್ರಶ್ನೆಯನ್ನು ಸಕಾಲದಲ್ಲಿ ಎತ್ತಿ ಎಂದು. ನಿರೋಧಕತೆಯ ಬಗ್ಗೆ ಅಷ್ಟು ಕಾಳಜಿಯಿದ್ದವರು ಕಾರಣ ತಿಳಿಯದೆ ನಾಲ್ಕನೆಯ ಆ್ಯಂಟಿಬಯಾಟಿಕ್ ಬರೆಯುವಾಗಲೂ ಅಷ್ಟೇ ಹಿಂಜರಿಯಬೇಕಿತ್ತು.

ಸಕಾಲದಲ್ಲಿ ಯೋಚಿಸಿದರೆ ಏನಾಗುತ್ತದೆ ಎಂಬುದಕ್ಕೆ ಪುರಾವೆಯೂ ಇದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ಕಿಲೋಗಿಂತ ಕಡಿಮೆ ತೂಕದ ನೂರು ಶಿಶುಗಳಲ್ಲಿ ಅರ್ಧದಷ್ಟು ಮಂದಿಗೆ ಮುಂಜಾಗ್ರತೆಯಾಗಿ ಫ್ಲುಕೊನಜೋಲ್ ಕೊಟ್ಟರು. ಔಷಧವಿಲ್ಲದ ಗುಂಪಿನಲ್ಲಿ ಶೇ. 20ರಷ್ಟು ಶಿಶುಗಳಿಗೆ ಶಿಲೀಂಧ್ರ ರಕ್ತಕ್ಕೋ ಅಂಗಾಂಗಗಳಿಗೋ ಇಳಿಯಿತು, ಔಷಧ ಪಡೆದ ಗುಂಪಿನಲ್ಲಿ ಒಬ್ಬರಿಗೂ ಇಲ್ಲ. ಈ ಸೋಂಕು ಹೆಚ್ಚಿರುವ ಘಟಕಗಳಲ್ಲಿ ಅತಿ ಕಡಿಮೆ ತೂಕದ ಶಿಶುಗಳಿಗೆ ಇದನ್ನು ಕೊಡಬೇಕೆಂಬುದು ಮಾರ್ಗಸೂಚಿಗಳಲ್ಲೇ ಸೇರಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುವಿಗೆ ಸೋಂಕು ತಗುಲಿದಾಗ ದೊಡ್ಡವರಂತೆ ಚಳಿಜ್ವರ ಬರಬೇಕೆಂದಿಲ್ಲ. ಉಸಿರು ನಡುನಡುವೆ ನಿಲ್ಲುತ್ತದೆ, ಮೈಯ ಶಾಖ ಏರುಪೇರಾಗುತ್ತದೆ, ಸಕ್ಕರೆ ಏರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಅಷ್ಟರಲ್ಲಿ ಅದು ಮಿದುಳನ್ನೂ ಕಣ್ಣನ್ನೂ ಮೂತ್ರಪಿಂಡವನ್ನೂ ತಲುಪಿರಬಹುದು. ಬದುಕುಳಿದ ಮಗುವಿನ ಬೆಳವಣಿಗೆಯ ಮೇಲೂ ಅದರ ಬರೆ ಉಳಿಯಬಹುದು.

ಆಸ್ಪತ್ರೆಯ ವಸ್ತುಗಳ ಬಗ್ಗೆಯೂ ಒಂದು ಮಾತು. 1996ರಲ್ಲಿ ವರದಿಯಾದ ಒಂದು ಪ್ರಕರಣದಲ್ಲಿ, ಅವಧಿಪೂರ್ವ ಶಿಶುಗಳಿಗೆ ರೈಜೋಪಸ್ ಎಂಬ ಬೂಷ್ಟಿನ ಸೋಂಕು ಹೇಗೆ ಬಂತೆಂದು ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು, ಸೂಜಿ ಚುಚ್ಚಿದ ಪುಟ್ಟ ಕೈ ಅಲುಗಾಡದಿರಲೆಂದು ಆಸರೆಗೆ ಕಟ್ಟುತ್ತಿದ್ದ ಮರದ ಪಟ್ಟಿ. ಗಂಟಲು ನೋಡುವಾಗ ನಾಲಿಗೆ ಒತ್ತಿಹಿಡಿಯಲು ಬಳಸುವ ಅದೇ ಮಾಮೂಲಿ ಪಟ್ಟಿ. 2008-09ರಲ್ಲಿ ಅಮೆರಿಕದ ನ್ಯೂ ಓರ್ಲಿಯನ್ಸ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಮ್ಯೂಕರ್ ಗುಂಪಿನ ಬೂಷ್ಟಿನ ಸೋಂಕು ತಗುಲಿದ ಐವರು ಮಕ್ಕಳು ತೀರಿಕೊಂಡರು, ತನಿಖೆ ಬೊಟ್ಟು ಮಾಡಿದ್ದು ಹಾಸಿಗೆಯ ಬಟ್ಟೆಗಳತ್ತ. ಇಂಥ ಮೂಲಗಳು ಪತ್ತೆಯಾಗಬೇಕಾದರೆ ಯಾರಾದರೂ ಮೊದಲು ಶಿಲೀಂಧ್ರ ಎಂದು ಯೋಚಿಸಿ ಹುಡುಕಲೇಬೇಕು.

ಚಿಕಿತ್ಸೆ ಶುರುವಾದ ಮೇಲೂ ಉದಾಸೀನ ಮುಗಿಯುವುದಿಲ್ಲ ಎಂಬುದು ನನ್ನ ಇನ್ನೊಂದು ಸಂಕಟ. ಮಕ್ಕಳ ದೇಹ ಫ್ಲುಕೊನಜೋಲನ್ನು ದೊಡ್ಡವರಿಗಿಂತ ಬೇಗ ಹೊರಹಾಕುತ್ತದೆ, ಅದೇ ಗುಂಪಿನ ವೊರಿಕೊನಜೋಲನ್ನೂ ಅಷ್ಟೇ. ಆದ್ದರಿಂದ ದೊಡ್ಡವರ ಪ್ರಮಾಣವನ್ನು ಕಿಲೋ ಲೆಕ್ಕದಲ್ಲಿ ಸುಮ್ಮನೆ ಇಳಿಸಿ ಕೊಟ್ಟರೆ ಔಷಧ ಕೊಟ್ಟೂ ಕೊಡದಂತೆ. ವೊರಿಕೊನಜೋಲ್ ಕೊಡುವಾಗ ರಕ್ತದಲ್ಲಿ ಅದರ ಮಟ್ಟ ಅಳೆಯಲೇಬೇಕು. ರಕ್ತದಲ್ಲಿ ಕ್ಯಾಂಡಿಡಾ ಕಂಡ ಮೇಲೆ ಸಾಧ್ಯವಾದಷ್ಟು ಬೇಗ ಸೆಂಟ್ರಲ್ ಲೈನ್ ತೆಗೆಯಬೇಕು, ಕಣ್ಣಿನ ಒಳಭಾಗ ಪರೀಕ್ಷಿಸಬೇಕು, ರಕ್ತ ಶುದ್ಧವಾಯಿತೆಂದು ಖಾತ್ರಿಯಾಗುವವರೆಗೆ ಪ್ರತಿದಿನ ಅಥವಾ ದಿನ ಬಿಟ್ಟು ದಿನ ಕಲ್ಚರ್ ಕಳಿಸುತ್ತಲೇ ಇರಬೇಕು. ಎರಡು ವಾರಗಳ ಚಿಕಿತ್ಸೆಯ ಲೆಕ್ಕ ಶುರುವಾಗುವುದು ರಕ್ತ ಶುದ್ಧವಾದ ದಿನದಿಂದ, ಔಷಧದ ಮೊದಲ ಡೋಸಿನಿಂದಲ್ಲ. ಜ್ವರ ಇಳಿದೊಡನೆ ಮರುಕಲ್ಚರ್ ಕಳಿಸುವುದನ್ನೇ ನಿಲ್ಲಿಸಿದರೆ ಆ ದಿನ ಯಾವುದೆಂದು ನಾವು ಎಲ್ಲಿಂದ ಹೇಳುವುದು?

ನಾಳೆ ಬೆಳಿಗ್ಗೆ ಆ ಮಗುವಿನ ವಿಷಯವನ್ನು ಮತ್ತೆ ಎತ್ತುತ್ತೇನೆ. ಯಾರಿಗೆ ಬೇಸರವಾದರೂ ಸರಿ, ಲೈನ್ ಇನ್ನೂ ಬೇಕೇ, ಶಿಲೀಂಧ್ರಕ್ಕೆಂದು ಏನೇನು ಪರೀಕ್ಷೆ ಕಳಿಸಿದ್ದೀರಿ, ಫಲಿತಾಂಶ ಬರುವ ತನಕ ಔಷಧ ಶುರುಮಾಡದಿರಲು ಕಾರಣವೇನು ಎಂದು ಕೇಳುತ್ತೇನೆ, ಉತ್ತರಗಳನ್ನು ಕೇಸ್ ಶೀಟಿನಲ್ಲಿ ಬರೆಯಿಸುತ್ತೇನೆ. ಮಕ್ಕಳ ವಾರ್ಡುಗಳಲ್ಲಿ ಕೆಲಸ ಮಾಡುವ ಗೆಳೆಯರೇ, ದಯವಿಟ್ಟು ನಿಮ್ಮ ರೌಂಡ್ಸಿನಲ್ಲೂ ಇದನ್ನು ಕೇಳಿ, ನಾಲ್ಕನೆಯ ಆ್ಯಂಟಿಬಯಾಟಿಕ್ ಬರೆಯುವ ಮೊದಲು.