ಸಮುದ್ರದ ಒತ್ತುವರಿ

ಮುಂಬೈ ಮೆಟ್ರೋ ಕಥೆ ಎಲ್ಲರಿಗೂ ಗೊತ್ತೇ ಇದೆ. ವರ್ಲಿಯ ಆಚಾರ್ಯ ಅತ್ರೆ ಚೌಕದ ನೆಲದಡಿಯ ನಿಲ್ದಾಣ ಉದ್ಘಾಟನೆಯಾಗಿ ತಿಂಗಳು ತುಂಬುವ ಮೊದಲೇ, 2025ರ ಮೇ 26ರಂದು, ಕೆರೆಯಾಯಿತು. ಜೂನ್ ಎರಡನೇ ವಾರಕ್ಕೆ ಬರಬೇಕಾದ ಮುಂಗಾರು ಹೇಳದೆ ಕೇಳದೆ ಮೇ ತಿಂಗಳಲ್ಲೇ ಬಂದುಬಿಟ್ಟರೆ ಎಂಜಿನಿಯರುಗಳಾದರೂ ಏನು ಮಾಡಿಯಾರು? ಮಳೆಗೂ ಒಂದು ಶಿಸ್ತು ಬೇಡವೇ?

ಮಳೆ ಸಮಯಕ್ಕೆ ಸರಿಯಾಗಿ ಬಂದ ವರ್ಷ ಅಪರಾಧಿ ಸಮುದ್ರ. 'ಉಬ್ಬರವಿತ್ತು, ನೀರು ಹೊರಗೆ ಹೋಗಲಿಲ್ಲ' ಎನ್ನುತ್ತಾರೆ. ದಿನಕ್ಕೆ ಎರಡು ಬಾರಿ ತಪ್ಪದೆ ಬರುವ ಉಬ್ಬರ ಪ್ರತಿ ಜುಲೈಯಲ್ಲೂ ಆಡಳಿತಕ್ಕೆ ಅನಿರೀಕ್ಷಿತ ಅತಿಥಿ. ಒಟ್ಟಿನಲ್ಲಿ ಸಮುದ್ರ ನಗರದ ಜಾಗ ಒತ್ತುವರಿ ಮಾಡುತ್ತಿದೆ. ಪಹಣಿ ತೆಗೆಸಿ ನೋಡಿದರೆ ಯಾರ ಹೆಸರಿದೆಯೋ, ಅದು ಬೇರೆ ಮಾತು.

ಪಹಣಿ ಎಂದಾಗ ನೆನಪಾಯಿತು, ಈ ಊರು ಇಂಗ್ಲಿಷರ ಕೈಗೆ ಬಂದದ್ದೇ ಒಂದು ಕಡತದ ಗೋಳು. 1661ರ ಮದುವೆ ಕರಾರಿನಲ್ಲಿ ಪೋರ್ಚುಗಲ್ ತನ್ನ ರಾಜಕುಮಾರಿ ಕ್ಯಾಥರೀನಳ ಜತೆಗೆ ಬೊಂಬಾಯಿಯನ್ನೂ ಇಂಗ್ಲೆಂಡಿನ ರಾಜ ಎರಡನೆಯ ಚಾರ್ಲ್ಸ್‌ನಿಗೆ ಬರೆದುಕೊಟ್ಟಿತು. ಅಲ್ಲಿ ಮೀನು ಹಿಡಿದುಕೊಂಡಿದ್ದ ಕೋಲಿ ಜನಾಂಗದವರನ್ನು ಯಾರೂ ಕೇಳಲಿಲ್ಲ. ವರದಕ್ಷಿಣೆ ಪಾತ್ರೆಗಳನ್ನು ಯಾರಾದರೂ ಕೇಳುತ್ತಾರೆಯೇ? ಮರುವರ್ಷ ಊರನ್ನು ವಶಕ್ಕೆ ಪಡೆಯಲು ರಾಜನ ಕಡೆಯಿಂದ ಸರ್ ಅಬ್ರಹಾಂ ಶಿಪ್‌ಮನ್ ಪಡೆಯೊಂದಿಗೆ ಬಂದ. ಪೋರ್ಚುಗೀಸರು ಶುದ್ಧ ತಾಲ್ಲೂಕು ಕಚೇರಿಯ ದನಿಯಲ್ಲಿ, ಕಾಗದಪತ್ರ ಸರಿಯಿಲ್ಲ ಎಂದರು. ಕೊಡಬೇಕಾದದ್ದು ಒಂದು ದ್ವೀಪವೋ, ಅಕ್ಕಪಕ್ಕದ ಮಾಹಿಮ್ ವಗೈರೆಯೂ ಸೇರಿಯೋ ಎಂಬ ತಕರಾರು ಬೇರೆ. ಶಿಪ್‌ಮನ್ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ಹೋಗಿ ಕಾದ. ಪಡೆ ರೋಗದಿಂದ ಕರಗಿತು. 1664ರಲ್ಲಿ ಅವನೂ ಅಲ್ಲೇ ಸತ್ತ. ಅಳಿದುಳಿದವರನ್ನು ಕಟ್ಟಿಕೊಂಡು ಹಂಫ್ರಿ ಕುಕ್ 1665ರಲ್ಲಿ ಸ್ವಾಧೀನ ಪಡೆದ. ಖಾತೆ ಬದಲಾವಣೆಗೆ ನಾಲ್ಕು ವರ್ಷ, ಅರ್ಜಿದಾರನ ಮರಣಾನಂತರ. ಇಷ್ಟು ಕಷ್ಟಪಟ್ಟು ಪಡೆದ ಊರನ್ನು ರಾಜ 1668ರಲ್ಲಿ ವರ್ಷಕ್ಕೆ 10 ಪೌಂಡ್ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ.

ಆಮೇಲೆ ಶುರುವಾಯಿತು ಸಮುದ್ರ ಹೂಳುವ ಕೆಲಸ. ಹಾರ್ನ್‌ಬಿ ಗವರ್ನರನ ಕಾಲದಲ್ಲಿ ವರ್ಲಿಯ ಕಡೆ ಒಡ್ಡು ಹಾಕಿ ಸಮುದ್ರವನ್ನು ತಡೆದರು. ಏಳು ದ್ವೀಪಗಳು ಕ್ರಮೇಣ ಒಂದಾದವು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಸಾಲದಾದಾಗ ನಮ್ಮ ಧಾರವಾಡದ ಹತ್ತಿಗೂ ಬೆಲೆ ಬಂತು, ಬೊಂಬಾಯಿಗೆ ತಲೆ ತಿರುಗಿತು. ಊರಿನ ಪಶ್ಚಿಮದ ಕೊಲ್ಲಿ ಬ್ಯಾಕ್‌ಬೇಯಲ್ಲಿ ಇನ್ನೂ ನೀರಾಗಿದ್ದ ನೆಲದ ಮೇಲೆ ಷೇರು ಮಾರಿದರು. 1865ರಲ್ಲಿ ಯುದ್ಧ ಮುಗಿಯಿತು, ಷೇರುಗಳೂ ಮುಳುಗಿದವು.

ಬುದ್ಧಿ ಬಂತೇ? 1920ರ ದಶಕದಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಅದೇ ಬ್ಯಾಕ್‌ಬೇಗೆ ಮತ್ತೆ ಮಣ್ಣು ಸುರಿಸಿದ. ಆ ಯೋಜನೆಯ ಅವ್ಯವಹಾರವನ್ನು ಬಯಲಿಗೆಳೆದವರು ವಕೀಲ ಕೆ.ಎಫ್. ನರಿಮನ್. ಯೋಜನೆಯ ಎಂಜಿನಿಯರ್ ಹಾರ್ವೆ ಮಾನನಷ್ಟ ಮೊಕದ್ದಮೆ ಹೂಡಿ ಸೋತ. ಹೂಳುವವರ ಮಾನ ಕಳೆದ ಆ ಮಹನೀಯರಿಗೆ ಕೃತಜ್ಞ ನಗರ ಸಲ್ಲಿಸಿದ ಗೌರವವೇನು ಗೊತ್ತೇ? ಮುಂದೆ ಅಲ್ಲೇ ಸಮುದ್ರ ಹೂಳಿ ಪಡೆದ ನೆಲಕ್ಕೆ ಅವರ ಹೆಸರು! ನರಿಮನ್ ಪಾಯಿಂಟ್. ಇದಕ್ಕಿಂತ ಸೊಗಸಾದ ಸೇಡನ್ನು ಯಾವ ಗುತ್ತಿಗೆದಾರನೂ ಕನಸಿನಲ್ಲೂ ತೀರಿಸಿಕೊಂಡಿರಲಾರ. ಈಚೆಗೆ ಕರಾವಳಿ ರಸ್ತೆಗೆಂದು ಮತ್ತೆ ನೂರಕ್ಕೂ ಹೆಚ್ಚು ಹೆಕ್ಟೇರ್ ಹೂಳಿದ್ದಾಗಿದೆ. ಯಾರ ಹೆಸರಿಡುತ್ತಾರೋ ಎಂದು ಪರಿಸರವಾದಿಗಳು ಸ್ವಲ್ಪ ಎಚ್ಚರದಿಂದಿರುವುದು ಒಳ್ಳೆಯದು.

ಮಾಟುಂಗದ ಉಡುಪಿ ಹೋಟೆಲುಗಳ ನಮ್ಮವರು ಕಿಂಗ್ಸ್ ಸರ್ಕಲ್‌ನಲ್ಲಿ ಮೊಣಕಾಲುದ್ದದ ನೀರು ದಾಟಿ ಬಂದು ಇಡ್ಲಿ ಬೇಯಿಸಿದರೆ ಅದಕ್ಕೆ 'ಮುಂಬೈ ಸ್ಪಿರಿಟ್' ಎಂಬ ಬಿರುದು ಸಿಗುತ್ತದೆ. ಸ್ಪಿರಿಟ್ ಅಲ್ಲ ಸ್ವಾಮಿ, ಬಾಡಿಗೆ ಕಟ್ಟಬೇಕು, ಅದಕ್ಕೆ ಬರುತ್ತಾರೆ.

ಬ್ರಿಟಿಷರ ಕಾಲದ ಚರಂಡಿಗಳು ಗಂಟೆಗೆ 25 ಮಿ.ಮೀ. ಮಳೆಗೆ ಕಟ್ಟಿದಂಥವು. ಬದಲಿಸಬೇಕೆಂಬ ವರದಿ 1993ರಲ್ಲೇ ನಗರಪಾಲಿಕೆಯ ಕೈಸೇರಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿಯಿತು. ನೂರಾರು ಜನ ಸತ್ತರು. ಕೆಲವರು ತಮ್ಮ ಕಾರಿನೊಳಗೇ ಉಸಿರುಗಟ್ಟಿ ಸತ್ತರು. ವರದಿಗೂ ಆ ಸಾವುಗಳಿಗೂ ನಡುವಿನ ಹನ್ನೆರಡು ವರ್ಷ ಉಬ್ಬರವಿತ್ತೇ? ಆ ಹನ್ನೆರಡು ವರ್ಷ ಕಡತವನ್ನು ಮೇಜಿನ ಮೇಲಿಟ್ಟುಕೊಂಡಿದ್ದವರು ಯಾರು, ಅವರಲ್ಲಿ ಎಷ್ಟು ಮಂದಿಯ ಪಿಂಚಣಿ ನಿಂತಿತು, ಅದನ್ನು ಹೇಳಿ. ಸಮುದ್ರದ ವಿಷಯ ಆಮೇಲೆ ಮಾತಾಡೋಣ.