ವಿನ್ಸೆಂಟ್ ದಿ ಪೌಲ್ ಸೊಸೈಟಿ ಬಗ್ಗೆ ಬಂದ ಮೆಸೇಜ್ ಸರಿಯಲ್ಲ

ಕಷ್ಟದಲ್ಲಿರುವವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪೌಲ್ ಸೊಸೈಟಿ ಫಾದರ್‌ಗಳು ನಡೆಸುವ ಸಂಘ, ನೆರವು ಕೆಥೊಲಿಕರಿಗೆ ಮಾತ್ರ ಅಂತ ಒಂದು ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಎರಡೂ ತಪ್ಪು.

1833ರಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ಶುರು ಮಾಡಿದ್ದು ಫ್ರೆಡರಿಕ್ ಓಝನಾಮ್ ಮತ್ತು ಗೆಳೆಯರು. ಆಗ ಓಝನಾಮ್‌ಗಿನ್ನೂ 20 ವರ್ಷ, ಓದುತ್ತಿದ್ದ ಹುಡುಗ! ಇವತ್ತಿಗೂ ಚರ್ಚಿನ ಸಾಮಾನ್ಯ ಜನರೇ ಇದನ್ನು ನಡೆಸುತ್ತಾರೆ. ಜಾತಿ, ಧರ್ಮ ನೋಡದೆ ನೆರವಾಗಬೇಕು ಅನ್ನೋದು ಸೊಸೈಟಿಯ ನಿಯಮ. ಸಾಮಾನ್ಯವಾಗಿ ಇಬ್ಬರು ಜೊತೆಯಾಗಿ ಕಷ್ಟದಲ್ಲಿರುವವರ ಮನೆಗೆ ಹೋಗಿ, ಜಗಲಿಯಲ್ಲಿ ಕೂತು ಮಾತಾಡಿ, ಅಕ್ಕಿಯೋ ಔಷಧಿಯೋ ಮಕ್ಕಳ ಫೀಸೋ, ಏನು ಬೇಕು ಅಂತ ತಿಳಿದುಕೊಳ್ಳುತ್ತಾರೆ. ಈ ನೆರವಿನ ಹಣಕ್ಕಾಗಿ ಸಭೆಯಲ್ಲಿ ಸದಸ್ಯರ ನಡುವೆ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ, ಯಾರು ಎಷ್ಟು ಹಾಕಿದರು ಅಂತ ಪಕ್ಕದವರಿಗೂ ಗೊತ್ತಾಗಲ್ಲ. ಇಂಥವರ ಬಗ್ಗೆ ಸುಮ್ನೆ ಏನೇನೋ ಹಬ್ಬಿಸಿದ್ದು ನೋಡಿ ತುಂಬಾ ಬೇಜಾರಾಯಿತು. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.