ಮೂಲ ಲೇಖಕರ ಹೆಸರು ಹಾಕಿ

'ಇನ್‌ಸ್ಪೈರ್ಡ್ ಬೈ ಎ ಮರಾಠಿ ಪ್ಲೇ.' ಮುಂಬಯಿಯಲ್ಲಿ ನಡೆಯುವ ನಮ್ಮ ಕನ್ನಡ ನಾಟಕಗಳ ಕರಪತ್ರದಲ್ಲಿ ಇಂಥ ಸಾಲು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಯಾವ ನಾಟಕ? ಬರೆದವರು ಯಾರು? ಅದನ್ನು ಮಾತ್ರ ಹೇಳಿರುವುದಿಲ್ಲ. ದಾದರಿನ ಶಿವಾಜಿ ಮಂದಿರದಲ್ಲಿ ಮರಾಠಿ ನಾಟಕ ನೋಡಿ ಬಂದವರೇ ನಮ್ಮ ಸಭೆಯಲ್ಲೂ ಕೂತಿರುತ್ತಾರೆ. ಅವರಿಗೆ ಮೂಲ ಯಾವುದೆಂದು ಗೊತ್ತಾಗುವುದಿಲ್ವಾ?

ಒಂದು ನಾಟಕ ನೋಡಿ ಮನಸ್ಸಿಗೆ ಏನೋ ಹೊಳೆಯಿತು, ಅದರಿಂದ ಬೇರೆಯದೇ ಕಥೆ ಹುಟ್ಟಿತು ಎಂದರೆ ಪ್ರೇರಣೆ ಎನ್ನಬಹುದು. ಆದರೆ ಪಾತ್ರಗಳು ಅವೇ, ದೃಶ್ಯಗಳು ಅವೇ, ಜನ ನಗುವ ಮಾತುಗಳೂ ಅವೇ, ಊರು ಮಾತ್ರ ಪುಣೆ ಹೋಗಿ ಉಡುಪಿ ಆಗಿದೆ. ಇದು ರೂಪಾಂತರ. ಹಾಗೆಂದು ಹೇಳಿಕೊಳ್ಳಲು ಸಂಕೋಚ ಯಾಕೆ? ರೂಪಾಂತರ ಸುಮ್ನೆ ಆಗುವ ಕೆಲಸವಲ್ಲ. ಮರಾಠಿ ಲೇಖಕ ಪು.ಲ. ದೇಶಪಾಂಡೆಯವರ 'ತೀ ಫುಲರಾಣಿ' ಬರ್ನಾರ್ಡ್ ಶಾ ಅವರ 'ಪಿಗ್ಮೇಲಿಯನ್' ಎಂಬ ಇಂಗ್ಲಿಷ್ ನಾಟಕದ ರೂಪಾಂತರ. ಮರಾಠಿಗರಿಗೆಲ್ಲ ಇದು ಗೊತ್ತು. ಅದರಿಂದ ಪು.ಲ. ಅವರ ಗೌರವ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಅಷ್ಟು ದೂರ ಯಾಕೆ, ನಮ್ಮ ಪಂಪನೇ ತಾನು ಈಜಲು ಹೊರಟಿರುವುದು ವ್ಯಾಸರ ಮಾತಿನ ಕಡಲನ್ನು ಎಂದು ಕಾವ್ಯದಲ್ಲೇ ಹೇಳಿದ್ದಾನೆ. ಹತ್ತನೇ ಶತಮಾನದಲ್ಲಿ ಅವನನ್ನು ಕೇಳುವ ಕಾನೂನು ಕೂಡ ಇರಲಿಲ್ಲ!

ಈಗ ಕಾನೂನಿದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಅನುವಾದ, ರೂಪಾಂತರದ ಹಕ್ಕೂ ಮೂಲ ಲೇಖಕರದ್ದೇ. ಲೇಖಕರು ತೀರಿಹೋದ ಮೇಲೂ 60 ವರ್ಷ ಆ ಹಕ್ಕು ಉಳಿಯುತ್ತದೆ. ಹಕ್ಕನ್ನು ಬೇರೆಯವರಿಗೆ ಮಾರಿದ್ದರೂ 'ಇದು ನನ್ನ ಕೃತಿ' ಎಂದು ಹೇಳಿಕೊಳ್ಳುವ ಅಧಿಕಾರ ಬರೆದವರ ಕೈ ತಪ್ಪುವುದಿಲ್ಲ. ಇನ್‌ಸ್ಪೈರ್ಡ್ ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ಅನುಮತಿ ಸಿಕ್ಕಂತೆ ಆಗುವುದಿಲ್ಲ. ಮೂಲ ಇಂಥವರದ್ದು, ಕನ್ನಡಕ್ಕೆ ತಂದವರು ಇಂಥವರು, ಅನುಮತಿ ಕೊಟ್ಟವರು ಇಂಥವರು. ಇಷ್ಟು ಬರೆಯಲು ಎರಡು ಸಾಲು ಸಾಕು. ಜಾಗ ಸಾಲದಿದ್ದರೆ ಅತಿಥಿಗಳ ಫೋಟೋ ಸ್ವಲ್ಪ ಚಿಕ್ಕದು ಮಾಡಿ.

ವಾಟ್ಸಾಪಿನಲ್ಲಿ ಓಡಾಡುವ ಕವಿತೆಗಳದ್ದು ಇನ್ನೂ ಕಷ್ಟ. ಕೆಳಗೆ ಇದ್ದ ಕವಿಯ ಹೆಸರನ್ನು ಕತ್ತರಿಸಿ 'ಫಾರ್ವರ್ಡೆಡ್ ಆಸ್ ರಿಸೀವ್ಡ್' ಎಂದು ಸೇರಿಸುತ್ತಾರೆ. 'ಸೋರ್ಸ್: ಇಂಟರ್‌ನೆಟ್' ಅಂತೆ! ಇಂಟರ್‌ನೆಟ್ ಕವಿತೆ ಬರೆಯಿತಾ? ಡೊಂಬಿವಲಿಯಿಂದ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವ ಹುಡುಗಿಯೊಬ್ಬಳು ರಾತ್ರಿ ಕೂತು ಬರೆದಿರಬಹುದು. ಅದಕ್ಕೆ ಅವಳಿಗೆ ದುಡ್ಡು ಬರುವುದಿಲ್ಲ, ಹೆಸರೊಂದೇ ಸಿಗುವುದು. ಅದನ್ನೂ ಕಿತ್ತುಕೊಳ್ಳಬೇಡಿ. ಬರೆದವರು ಯಾರೆಂದು ನಿಜವಾಗಿ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ, ತಿಳಿದವರು ಹೇಳಿ' ಎಂದು ಬರೆಯಿರಿ. ಯಾರಾದರೂ ಹೇಳಿದರೆ ಆ ಹೆಸರನ್ನು ಸೇರಿಸಿ, ಅದೇ ಗುಂಪಿಗೆ ಮತ್ತೊಮ್ಮೆ ಕಳಿಸಿ.